ಸಾಗರಕ್ಕೆ ಕಾಲೇಜು ಬಂದುದು

ನಾನು ಬಿ.ಎ. ತರಗತಿಗೆ ಸೇರುವೆನೆಂದು ಹೇಳಿದ ದಿನ ನಮ್ಮ ಅಜ್ಜಿ ಕೇಳಿದ ಪ್ರಶ್ನೆ ಇನ್ನೂ ನೆನಪಿನಲ್ಲಿದೆ. ಹೊಸನಗರ ತಾಲ್ಲೂಕಿನ ಒಂದು ಮೂಲೆಯ ಹಳ್ಳಿ ನಮ್ಮದು. 'ಕಲಾ ವಿಭಾಗ' ಎಂಬ ಮಾತನ್ನು ಅಪ್ಪನ ಬಾಯಲ್ಲಿ ಕೇಳಿದ ಆಕೆ, "ಅಲ್ಲಿ ಕುಣಿಯೋದು ಕಲಿಸ್ತಾರೇನೋ ಮಗಾ, ಇಲ್ಲ ಗುಡಿಗಾರರ ಹಂಗೆ ಕೆತ್ತೋದು ಕಲಿಸ್ತಾರೋ?" ಎಂದಳು. ಮನೆಮಂದಿಯೆಲ್ಲ ನಕ್ಕೆವು. ಈಗ ಯೋಚಿಸಿದರೆ ನಗಬಾರದಿತ್ತು ಎನಿಸುತ್ತದೆ. ಗಂಧದ ಮರದ ತುಂಡೊಂದರಲ್ಲಿ ಆನೆ, ಅಂಬಾರಿ, ಬಳ್ಳಿ, ಹೂವುಗಳನ್ನು ಮೂಡಿಸುವ ಸಾಗರದ ಗುಡಿಗಾರರ ಕೈಕೆಲಸವನ್ನು ಕಂಡವರಿಗೆ ಕಲೆ ಎಂದರೆ ಅದೇ ಅಲ್ಲದೆ ಮತ್ತೇನು? ಇತಿಹಾಸ, ಅರ್ಥಶಾಸ್ತ್ರ, ಕನ್ನಡ ಈ ಮೂರನ್ನು ಒಟ್ಟುಮಾಡಿ 'ಕಲೆ' ಎಂದು ಕರೆದವರಾರು ಎಂದು ಆಕೆ ಮತ್ತೆ ಕೇಳಿದ್ದರೆ, ಉತ್ತರ ಹೇಳುವ ಓದು ಆಗ ನನ್ನಲ್ಲಿರಲಿಲ್ಲ.

ಕರೆದವರು ನಾವಲ್ಲ. ಆ ಹೆಸರು ರೋಮಿನಿಂದ ಹೊರಟು, ನಡುಗಾಲದ ಯೂರೋಪಿನ ಮಠಗಳನ್ನೂ ವಿಶ್ವವಿದ್ಯಾನಿಲಯಗಳನ್ನೂ ಹಾಯ್ದು, ಇಂಗ್ಲಿಷರ ಹಡಗಿನಲ್ಲಿ ನಮ್ಮಲ್ಲಿಗೆ ಬಂದಿತು. ವ್ಯಾಕರಣ, ತರ್ಕ, ವಾಕ್ಪಟುತ್ವ. ಅಂಕಗಣಿತ, ಜ್ಯಾಮಿತಿ, ಸಂಗೀತ, ಖಗೋಳ. ಈ ಏಳನ್ನು ಅವರು 'ಲಿಬರಲ್' ಕಲೆಗಳೆಂದರು. ಲಿಬರಲ್ ಎಂದರೆ ಉದಾರವೆಂದಲ್ಲ. ಅದರ ಮೂಲದ ಅರ್ಥ, ದಾಸನಲ್ಲದವನಿಗೆ ತಕ್ಕದ್ದು ಎಂದು. ಹೊಟ್ಟೆಪಾಡಿಗಾಗಿ ಇನ್ನೊಬ್ಬನ ಕೆಲಸ ಮಾಡುವವನಿಗೆ ಬೇಕಾದುದು ಕಸುಬು. ಸಭೆಯಲ್ಲಿ ಎದ್ದು ನಿಂತು ತನ್ನ ಮಾತನ್ನು ತಾನು ಆಡಬೇಕಾದವನಿಗೆ ಬೇಕಾದುದು ಈ ವಿದ್ಯೆಗಳು. ನಮ್ಮ ದೇಶಕ್ಕೆ ಬರುವಷ್ಟರಲ್ಲಿ ಆ ವಿಶೇಷಣ ದಾರಿಯಲ್ಲೆಲ್ಲೋ ಉದುರಿ, ಬರಿಯ 'ಆರ್ಟ್ಸ್' ಉಳಿಯಿತು. ಅದನ್ನು ಕನ್ನಡಿಸಿದವರು 'ಕಲೆ' ಎಂದರು. ಬಿದ್ದುಹೋದ ಆ ವಿಶೇಷಣವನ್ನು ಹುಡುಕಿಕೊಂಡೇ ನಮ್ಮ ಮಲೆನಾಡಿನ ಮೂರು ತಾಲ್ಲೂಕುಗಳ ಕಾಲೇಜು ಚರಿತ್ರೆಯನ್ನು ನೋಡಬೇಕೆಂದು ನನ್ನ ಆಸೆ. ಏಕೆಂದರೆ ಇಲ್ಲಿ ಯಾರು ಸ್ವತಂತ್ರರು, ಯಾರು ಅಲ್ಲ ಎಂಬುದು ಪುಸ್ತಕದ ಪ್ರಶ್ನೆಯಾಗಿರದೆ ಅಂಗಳದಲ್ಲಿ ಭತ್ತ ಅಳೆಯುವ ಕೊಳಗದ ಪ್ರಶ್ನೆಯಾಗಿತ್ತು.

ಮೊದಲು ಕಾಲೇಜಿಲ್ಲದ ಕಾಲ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಹುಡುಗನಿಗೆ ಪದವಿ ಬೇಕೆಂದರೆ ಮೈಸೂರಿಗೋ ಬೆಂಗಳೂರಿಗೋ ಹೋಗಬೇಕು. 1940ರ ಸುಮಾರಿಗೆ ಶಿವಮೊಗ್ಗದಲ್ಲಿ ಇಂಟರ್‌ಮೀಡಿಯಟ್ ಕಾಲೇಜು ಬಂದಿತು. ಅದೇ ಮುಂದೆ ಸಹ್ಯಾದ್ರಿ ಕಾಲೇಜಾಯಿತು. ಆದರೂ ಇಂಟರ್ ಮುಗಿಸಿದವನು ಮತ್ತೆ ಪೆಟ್ಟಿಗೆ ಕಟ್ಟಲೇಬೇಕಾಗಿತ್ತು. ಸಾಗರದಿಂದ ಮೈಸೂರಿಗೆ ಮುನ್ನೂರು ಕಿಲೋಮೀಟರಿಗೂ ಮಿಗಿಲಾದ ದಾರಿ. ಆ ದಾರಿಯ ದಣಿವನ್ನೂ ಅದರ ಸಂಭ್ರಮವನ್ನೂ ನಮ್ಮ ಸಾಹಿತ್ಯ ಚೆನ್ನಾಗಿ ಬಲ್ಲದು. ಕುವೆಂಪು ಅವರ 1936ರ ಕಾದಂಬರಿ 'ಕಾನೂರು ಸುಬ್ಬಮ್ಮ ಹೆಗ್ಗಡಿತಿ' ಮೊದಲಾಗುವುದೇ ಮೈಸೂರಿನಲ್ಲಿ ಓದುತ್ತಿದ್ದ ಹೂವಯ್ಯ, ರಾಮಯ್ಯರು ರಜಕ್ಕೆ ಊರಿಗೆ ಮರಳುವುದರಿಂದ. ಆ ಪ್ರಯಾಣದಲ್ಲಿ ಗಾಡಿ ಉರುಳಿ ಹೂವಯ್ಯನಿಗೆ ಪೆಟ್ಟಾಗುತ್ತದೆ. ಅವನ ಓದಿನ ಗತಿಯೇ ಬದಲಾಗುತ್ತದೆ. ಕಾದಂಬರಿಯ ಗಾಡಿ ಒಂದು. ದುಡ್ಡಿಲ್ಲದೆಯೋ, ಮನೆಯ ಹಿರಿಯರ ಒಪ್ಪಿಗೆಯಿಲ್ಲದೆಯೋ ಊರಿನಲ್ಲೇ ಉರುಳಿಬಿದ್ದ ಗಾಡಿಗಳೆಷ್ಟೋ.

ಹೋದವರಿಗೆ ಮೈಸೂರಿನ ಮಹಾರಾಜಾ ಕಾಲೇಜು ಏನು ಕೊಟ್ಟಿತೆಂಬುದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. 1833ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತೆರೆಸಿದ ಇಂಗ್ಲಿಷ್ ಶಾಲೆಯಿಂದ ಬೆಳೆದು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದಾಗ ಅದರ ಬೆನ್ನೆಲುಬಾದ ಸಂಸ್ಥೆ ಅದು. ರಾಧಾಕೃಷ್ಣನ್, ಹಿರಿಯಣ್ಣ, ಬಿ.ಎಂ. ಶ್ರೀಕಂಠಯ್ಯ, ಟಿ.ಎಸ್. ವೆಂಕಣ್ಣಯ್ಯನವರಂಥವರು ಪಾಠ ಹೇಳಿದ ಕೊಠಡಿಗಳು. ತೀರ್ಥಹಳ್ಳಿಯ ಕಡೆಯಿಂದ ಹೋದ ಪುಟ್ಟಪ್ಪನೆಂಬ ವಿದ್ಯಾರ್ಥಿ ತತ್ತ್ವಶಾಸ್ತ್ರದ ಕಡೆ ವಾಲಿದ್ದವನು ಕನ್ನಡ ಎಂ.ಎ.ಗೆ ಸೇರಿ 1929ರಲ್ಲಿ ಪಾಸಾದುದರಲ್ಲಿ ವೆಂಕಣ್ಣಯ್ಯನವರ ಮಾತಿನ ಪಾಲು ದೊಡ್ಡದು. 'ಶ್ರೀ ರಾಮಾಯಣ ದರ್ಶನಂ' ಆ ಗುರುವಿಗೇ ಅರ್ಪಿತವಾಗಿದೆ. ಮುಂದೆ ಅದೇ ಪುಟ್ಟಪ್ಪನವರು ಅದೇ ಕಾಲೇಜಿನ ಪ್ರಿನ್ಸಿಪಾಲರೂ, 1956ರಿಂದ 1960ರವರೆಗೆ ವಿಶ್ವವಿದ್ಯಾನಿಲಯದ ಕುಲಪತಿಗಳೂ ಆದರು. ಮಾಳೂರಿನ ಎಸ್.ವಿ. ಪರಮೇಶ್ವರ ಭಟ್ಟರು, ಮೇಳಿಗೆಯ ಯು.ಆರ್. ಅನಂತಮೂರ್ತಿಯವರು, ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರು ಎಲ್ಲರೂ ಮೈಸೂರಿನ ನೀರು ಕುಡಿದವರೇ.

ಆದರೆ ಹೋಗದವರು? ತೀರ್ಥಹಳ್ಳಿಯಲ್ಲಿ 1917ರಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರ ಶಾಲೆಯ ಓದು ಬಾಲ್ಯದಲ್ಲಿಯೇ ಮದುವೆಯೊಂದಿಗೆ ಮುಗಿಯಿತು. ಅವರು 'ತುಂಗಭದ್ರ' ಬರೆದು ಓದುಗರ ಮುಂದೆ ಬಂದಾಗ ನಡುವಯಸ್ಸು ದಾಟಿತ್ತು; 'ಫಣಿಯಮ್ಮ' ಬಂದುದು 1976ರಲ್ಲಿ. ಕಾಲೇಜಿಲ್ಲದೆಯೂ ಇಂಥ ಕೃತಿಗಳು ಹುಟ್ಟಿದವಲ್ಲ ಎಂದು ಕೆಲವರು ವಾದಿಸುವುದುಂಟು. ಆ ವಾದ ನನಗೆ ಎಂದೂ ಹಿಡಿಸಿಲ್ಲ. ಇಂದಿರಾ ಅವರು ಬರೆದದ್ದು ಅವರ ಹಿರಿಮೆ. ಅವರಿಗೆ ಓದುವ ಬಾಗಿಲು ಮುಚ್ಚಿದ್ದು ಊರಿನ ಹಿರಿಮೆಯಲ್ಲ.

ಇನ್ನು ಕೊಳಗದ ಮಾತು. 1951ರಲ್ಲಿ ಸಾಗರದ ಹತ್ತಿರದ ಕಾಗೋಡಿನಲ್ಲಿ ಗೇಣಿದಾರರು ಒಡೆಯರೆದುರು ನಿಂತರು. ಗೇಣಿಯ ಭತ್ತ ಅಳೆಯುವ ಕೊಳಗದ ಗಾತ್ರ ಸರಿಯಿರಬೇಕು, ನಮ್ಮನ್ನು ಮನುಷ್ಯರಂತೆ ಕಾಣಬೇಕು ಎಂಬುದು ಅವರ ಬೇಡಿಕೆ. ಎಚ್. ಗಣಪತಿಯಪ್ಪನವರು ಸಂಘ ಕಟ್ಟಿದರು. ಶಾಂತವೇರಿ ಗೋಪಾಲಗೌಡರೂ ಸಮಾಜವಾದಿ ಗೆಳೆಯರೂ ಬೆನ್ನಿಗೆ ನಿಂತರು. ರಾಮಮನೋಹರ ಲೋಹಿಯಾ ಬಂದು ಸಾಗರದಲ್ಲಿ ಬಂಧನಕ್ಕೊಳಗಾದರು. ಮರುವರ್ಷ ಸಾಗರ-ಹೊಸನಗರ ಕ್ಷೇತ್ರ ಗೋಪಾಲಗೌಡರನ್ನೇ ವಿಧಾನಸಭೆಗೆ ಕಳಿಸಿತು. ನಮ್ಮ ಅಜ್ಜ ಆ ಸತ್ಯಾಗ್ರಹದಲ್ಲಿ ಇರಲಿಲ್ಲ. ಆತನಿಗೆ ಧೈರ್ಯ ಸಾಲಲಿಲ್ಲವೆಂದು ಅಜ್ಜಿ ಹೇಳುತ್ತಿದ್ದಳು. ಆದರೆ ಕೊಳಗದ ಬಗ್ಗೆ ಆತ ತೀರಿಕೊಳ್ಳುವವರೆಗೂ ಮಾತಾಡುತ್ತಿದ್ದ. ಸರಿಯಾಗಿ ಅಳೆಯುವುದು ಎಂಬುದು ಆತನ ಪಾಲಿಗೆ ಗಣಿತವೂ ಹೌದು, ತರ್ಕವೂ ಹೌದು. ರೋಮಿನವರ ಏಳು ವಿದ್ಯೆಗಳಲ್ಲಿ ಎರಡು ಆತನಿಗೆ ಹಾಗೆ ದಕ್ಕಿದ್ದುವೆನ್ನೋಣ.

ಇಂಥ ಊರಿಗೆ 1960ರ ದಶಕದ ನಡುವೆ ಕಾಲೇಜು ಬಂದಿತು. ಮಲೆನಾಡು ಅಭಿವೃದ್ಧಿ ಪ್ರತಿಷ್ಠಾನದ ಆಶ್ರಯದಲ್ಲಿ ಬೆಳೆದ ಸಾಗರದ ಲಾಲ್ ಬಹಾದ್ದೂರ್ ಕಾಲೇಜು ಅದು. ಜನರ ಬಾಯಲ್ಲಿ ಎಲ್.ಬಿ. ಕಾಲೇಜು. ಅದೇ ಸುಮಾರಿಗೆ, 1964ರಲ್ಲಿ, ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ಏರುತ್ತ ಬಂದುದನ್ನೂ ಇಲ್ಲಿ ನೆನೆಯಬೇಕು. ಸಾಗರ, ಹೊಸನಗರ ತಾಲ್ಲೂಕುಗಳ ಹಳ್ಳಿಗಳು, ಗದ್ದೆ ತೋಟಗಳು ಮುಳುಗಿದವು. ಸಂಸಾರಗಳು ಪಾತ್ರೆಪಗಡ ಹೇರಿಕೊಂಡು ಗೊತ್ತಿಲ್ಲದ ಸೀಮೆಗೆ ಹೊರಟವು. ಆ ಯೋಜನೆಯ ಕೆಲಸದಲ್ಲಿದ್ದು ಅದನ್ನೆಲ್ಲ ಕಣ್ಣಾರೆ ಕಂಡ ಸಾಗರದ ನಾ. ಡಿಸೋಜ ಅವರು 'ಮುಳುಗಡೆ', 'ದ್ವೀಪ' ಬರೆದರು. ನಾಡಿಗೆಲ್ಲ ಬೆಳಕು ಕೊಡಲು ನಮ್ಮ ಊರು ಮುಳುಗಿತು ಎಂದು ಹಿರಿಯರು ಬಿಸುಸುಯ್ಯುತ್ತಿದ್ದ ಕಾಲದಲ್ಲಿಯೇ ಊರಿಗೆ ಇನ್ನೊಂದು ಬಗೆಯ ಬೆಳಕೂ ಬಂದಿತು. ಒಂದಕ್ಕೊಂದು ಪರಿಹಾರವೆಂದು ನಾನು ಹೇಳುತ್ತಿಲ್ಲ. ಗದ್ದೆಗೆ ಗದ್ದೆಯೇ ಪರಿಹಾರ, ಕಾಲೇಜಲ್ಲ.

ಈ ಹೊಸ ಕಾಲೇಜಿಗೆ ಪ್ರಿನ್ಸಿಪಾಲರಾಗಿ 1964ರಲ್ಲಿ ಬಂದವರು ಕವಿ ಎಂ. ಗೋಪಾಲಕೃಷ್ಣ ಅಡಿಗರು. ಘಟ್ಟದ ಕೆಳಗಿನ ಮೊಗೇರಿಯವರು. ಮೈಸೂರಿನ ಸೇಂಟ್ ಫಿಲೋಮಿನಾ ಕಾಲೇಜಿನಲ್ಲಿ ಹತ್ತು ವರ್ಷ ಇಂಗ್ಲಿಷ್ ಪಾಠ ಹೇಳಿದ್ದವರು. 1954ರ 'ಚಂಡೆಮದ್ದಳೆ', 1959ರ 'ಭೂಮಿಗೀತ' ಸಂಕಲನಗಳಿಂದ ಕನ್ನಡ ಕಾವ್ಯದ ದಿಕ್ಕನ್ನೇ ಬದಲಿಸಿ, ಹೊಗಳಿಕೆಯಷ್ಟೇ ಬೈಗುಳವನ್ನೂ ಸಂಪಾದಿಸಿದ್ದರು. ಅಂಥವರು ರಾಜಧಾನಿಯಿಂದ ದೂರದ, ಅಡಿಕೆ ಮಂಡಿಗಳ, ಮೂರು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆ ನಡೆಯುವ ತಾಲ್ಲೂಕು ಪಟ್ಟಣಕ್ಕೆ ಬಂದು, ಹಾಜರಿ ಪುಸ್ತಕ, ಫೀಸಿನ ಬಾಕಿ, ವಿಶ್ವವಿದ್ಯಾನಿಲಯದ ತಪಾಸಣೆ ಇವುಗಳ ನಡುವೆ ನಾಲ್ಕು ವರ್ಷ ಇದ್ದರೆಂಬುದನ್ನು ನೆನೆದಾಗಲೆಲ್ಲ ನನಗೆ ಅಚ್ಚರಿ. ಕವಿಗಳನ್ನು ಆಡಳಿತದ ಗಾಣಕ್ಕೆ ಕಟ್ಟುವುದು ಸರಿಯೇ ಎಂದು ಕೇಳಿದರೆ ಸಾಧಾರಣವಾಗಿ ಸರಿಯಲ್ಲ ಎನ್ನುವವನು ನಾನು. ಆದರೆ ಹೊಸದಾಗಿ ಹುಟ್ಟಿದ ಕಾಲೇಜಿನ ಮಾತು ಬೇರೆ. ಮೊದಲ ಪ್ರಿನ್ಸಿಪಾಲರ ಕೊಠಡಿಯಲ್ಲಿ ನಡೆಯುವ ಮಾತು ಎಂಥದೋ, ಮುಂದೆ ಬಹುಕಾಲ ಆ ಕಾಲೇಜಿನ ಜಗಲಿಯ ಮಾತೂ ಅಂಥದೇ.

ಅಡಿಗರು ಇಂಗ್ಲಿಷ್ ಅಧ್ಯಾಪಕರು. ಬಿ.ಎಂ. ಶ್ರೀಯವರೂ ಇಂಗ್ಲಿಷ್ ಅಧ್ಯಾಪಕರೇ. ಅನಂತಮೂರ್ತಿ, ಲಂಕೇಶ್ ಅವರೂ ಹಾಗೆಯೇ. ಕನ್ನಡ ಅಧ್ಯಾಪಕನಾದ ನಾನು ಇದನ್ನು ಸ್ವಲ್ಪ ಅಳುಕಿನಿಂದಲೇ ಬರೆಯಬೇಕು: ಕಳೆದ ಶತಮಾನದ ಹೊಸಗನ್ನಡದ ಎಷ್ಟೋ ತಿರುವುಗಳು ನಮ್ಮ ವಿಭಾಗದಲ್ಲಿ ಅಲ್ಲ, ಪಕ್ಕದ ಕೊಠಡಿಯಲ್ಲಿ ಹುಟ್ಟಿದವು. ಹಾಗೆಂದು ನಮ್ಮವರು ಬರಿದೆ ಪಂಪನ ಕಂದಪದ್ಯ ಬಿಡಿಸುತ್ತ ಕುಳಿತಿದ್ದರೆಂದು ತಿಳಿಯಬೇಡಿ. ಪಂಪನೂ ಎಲಿಯಟ್ಟನೂ ಒಂದೇ ಸೂರಿನ ಕೆಳಗೆ, ಒಂದೇ ಹುಡುಗನ ಕಿವಿಗೆ, ಒಂದು ಗಂಟೆಯ ಅಂತರದಲ್ಲಿ ಬೀಳುತ್ತಿದ್ದುದೇ ಕಲಾ ಕಾಲೇಜಿನ ಗುಣ. ಬೇರೆ ಬೇರೆ ಪರಿಣತರ ಸಂಸ್ಥೆಗಳಲ್ಲಿ ಇದು ಆಗುವುದಿಲ್ಲ. ಹಳೆಯದು ಹೊಸದನ್ನು ಎದುರಾಎದುರು ನೋಡುವ ಜಾಗ ಬೇಕು.

ಇನ್ನೊಂದು ವಿಶೇಷವೆಂದರೆ ಆ ಮಾತು ಕಾಲೇಜಿನ ಬೇಲಿಯೊಳಗೆ ನಿಲ್ಲಲಿಲ್ಲ. ಸಾಗರದಿಂದ ಹತ್ತು ಕಿಲೋಮೀಟರಿನೊಳಗೆ ಹೆಗ್ಗೋಡು. ಅಲ್ಲಿ 1949ರಲ್ಲಿಯೇ ಊರಿನ ಹುಡುಗರು ನೀಲಕಂಠೇಶ್ವರ ನಾಟ್ಯ ಸೇವಾ ಸಂಘ ಕಟ್ಟಿಕೊಂಡು ನಾಟಕ ಆಡುತ್ತಿದ್ದರು. ಮೈಸೂರಿನಿಂದ ಪದವಿ ಹೊತ್ತು ಬಂದ ಸುಬ್ಬಣ್ಣನವರು ನೌಕರಿ ಹುಡುಕಿಕೊಂಡು ಹೋಗದೆ ತೋಟದಲ್ಲಿಯೇ ನಿಂತು ಅಕ್ಷರ ಪ್ರಕಾಶನವನ್ನು ಆರಂಭಿಸಿದ್ದರು. ಅಡಿಗರು ಸಂಪಾದಿಸುತ್ತಿದ್ದ 'ಸಾಕ್ಷಿ' ಪತ್ರಿಕೆಯ ಪ್ರಕಟಣೆಗೆ ಆ ಪ್ರಕಾಶನ ಕೈಜೋಡಿಸಿತು. ಹಳೆಯ 'ಸಾಕ್ಷಿ'ಯ ಸಂಚಿಕೆಗಳನ್ನು ನಾನು ಮೊದಲು ನೋಡಿದ್ದು ನನಗೆ ಪಾಠ ಹೇಳಿದ ಮೇಷ್ಟ್ರೊಬ್ಬರ ಮನೆಯ ಅಟ್ಟದ ಮೇಲೆ, ಅಡಿಕೆ ಗೋಣಿಗಳ ಮಗ್ಗುಲಲ್ಲಿ. ಅಂಚು ಗೆದ್ದಲು ತಿಂದಿತ್ತು. ಕನ್ನಡದ ಅತ್ಯಂತ ಕಟು ವಿಮರ್ಶೆಯೂ ಅತ್ಯಂತ ಹೊಸ ಕವಿತೆಯೂ ಓದುಗರಿಗೆ ತಲಪಿದ ದಾರಿ ನಮ್ಮ ತಾಲ್ಲೂಕನ್ನು ಹಾಯ್ದಿತ್ತೆಂದು ತಿಳಿದ ಆ ಮಧ್ಯಾಹ್ನ, ಶಿವಮೊಗ್ಗೆಯ ಬಸ್ಸು ಹತ್ತದೆಯೂ ಲೋಕ ನಮ್ಮ ಬಾಗಿಲಿಗೆ ಬರಬಹುದೆಂಬ ಧೈರ್ಯ ನನಗೆ ಬಂದಿತು. ಅಲ್ಲಿಯವರೆಗೆ ಸಾಹಿತ್ಯವೆಂದರೆ ಬೆಂಗಳೂರಿನಲ್ಲಿ ಆಗುವ ಕೆಲಸವೆಂದೇ ತಿಳಿದಿದ್ದೆ.

ಅಡಿಗರು 1968ರಲ್ಲಿ ಉಡುಪಿಯ ಪೂರ್ಣಪ್ರಜ್ಞ ಕಾಲೇಜಿಗೆ ಹೋದರು. 1971ರಲ್ಲಿ ಜನಸಂಘದ ಅಭ್ಯರ್ಥಿಯಾಗಿ ಲೋಕಸಭೆಗೆ ನಿಂತು ಸೋತರು; ಅವರ ರಾಜಕೀಯವನ್ನು ಒಪ್ಪದ ಗೋಪಾಲಗೌಡರಂಥ ಸಮಾಜವಾದಿಗಳು ಅವರ ಕಾವ್ಯವನ್ನು ತಲೆಯ ಮೇಲೆ ಹೊತ್ತು ಮೆರೆಸಿದ್ದರೆಂಬುದು ಆ ಕಾಲದ ಸೊಗಸು. 'ವರ್ಧಮಾನ' ಬಂದುದು 1972ರಲ್ಲಿ. ಸಾಗರದ ವರ್ಷಗಳೂ ಆ ಸಂಕಲನದ ಹಿಂದಿವೆ. ಇತ್ತ ಹೆಗ್ಗೋಡಿನಲ್ಲಿ ಕೆಲಸ ನಿಲ್ಲಲಿಲ್ಲ. 1972ರಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಎದ್ದಿತು. ಚಿತ್ರಸಮಾಜ ಹುಟ್ಟಿ, ಸತ್ಯಜಿತ್ ರಾಯ್, ಕುರೊಸಾವಾ ಅವರ ಚಿತ್ರಗಳನ್ನು ತೋಟದ ಕೆಲಸ ಮುಗಿಸಿ ಬಂದವರು ಕುಳಿತು ನೋಡಿದರು. 1980ರಲ್ಲಿ ನಾಟಕ ಶಾಲೆ, 1985ರಲ್ಲಿ 'ತಿರುಗಾಟ'. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಪತ್ರಿಕೆಗಳು ಹಳ್ಳಿಯ ಪವಾಡವೆಂದು ಬರೆದವು. ಪವಾಡವೇನೂ ಅಲ್ಲ. ಮಹಾರಾಜಾ ಕಾಲೇಜಿನಲ್ಲಿ ಕಲಿತದ್ದನ್ನು ಒಬ್ಬ ಮನುಷ್ಯ ಊರಿಗೆ ತಂದು, ಪರೀಕ್ಷೆಯನ್ನೂ ಪದವಿಯನ್ನೂ ಬಿಟ್ಟು ಉಳಿದುದನ್ನೆಲ್ಲ ಹಂಚಿದ್ದು. ಸಾಗರದಲ್ಲಿ ಪದವಿ ಕೊಡುವ ಕಾಲೇಜು, ಹೆಗ್ಗೋಡಿನಲ್ಲಿ ಪದವಿ ಕೊಡದ ಕಾಲೇಜು. ಎರಡಕ್ಕೂ ಹೋಗಿ ಬಂದ ವಿದ್ಯಾರ್ಥಿಗಳೇ ನಿಜವಾಗಿ ಅದೃಷ್ಟವಂತರು.

ತೀರ್ಥಹಳ್ಳಿಯ ತುಂಗಾ ಮಹಾವಿದ್ಯಾಲಯವೂ ಅದೇ ದಶಕದ್ದು. ಕುವೆಂಪು ಅವರ ಊರಿನ ಹುಡುಗನಿಗೆ ಊರಿನಲ್ಲಿಯೇ ಬಿ.ಎ. ಓದುವ ಭಾಗ್ಯ ಅವರು ಮೈಸೂರಿಗೆ ಹೋದ ನಲವತ್ತು ವರ್ಷಗಳ ತರುವಾಯ ಬಂದಿತು. ಅದರ ಕಥೆಯನ್ನು ಅಲ್ಲಿಯೇ ಓದಿದವರು ಬರೆದರೆ ಚೆನ್ನ. ಹೊಸನಗರ ಕೊನೆಯ ಪಂಕ್ತಿಯಲ್ಲಿ ಕುಳಿತ ತಾಲ್ಲೂಕು. ಮುಳುಗಿದ್ದರಲ್ಲಿ ಮುಂದು, ಸಿಕ್ಕಿದ್ದರಲ್ಲಿ ಹಿಂದು. ಕೊಡಚಾದ್ರಿಯ ಹೆಸರು ಹೊತ್ತ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಅಲ್ಲಿಗೆ ತಡವಾಗಿ ಬಂದಿತು. 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯವಾಗಿ, ನಮ್ಮ ಜಿಲ್ಲೆಯ ಕಾಲೇಜುಗಳು ಮೈಸೂರಿನ ಕೈಬಿಟ್ಟು ಶಂಕರಘಟ್ಟದ ಕೈ ಹಿಡಿದವು.

ಈಗ ಬಿದ್ದುಹೋದ ವಿಶೇಷಣಕ್ಕೆ ಮರಳೋಣ. 1964ರಲ್ಲಿ ಸಾಗರದಲ್ಲಿ ಬಾಗಿಲು ತೆರೆಯಿತೇನೋ ನಿಜ, ಒಳಕ್ಕೆ ಬರಬಲ್ಲವರಾರಿದ್ದರು? ತೋಟದ ಮನೆಗಳ ಮಕ್ಕಳು, ಪೇಟೆಯ ವರ್ತಕರ, ನೌಕರರ ಮಕ್ಕಳು. ಗೇಣಿದಾರನ ಮಗ ಭತ್ತದ ಗದ್ದೆಯಲ್ಲಿದ್ದ. ಅವನ ಮಗಳು ಒಡೆಯರ ಮನೆಯ ಅಂಗಳ ಸಾರಿಸುತ್ತಿದ್ದಳು. ಕಾಲೇಜಿನ ಬಾಗಿಲು ಅವರಿಗೆ ಮುಚ್ಚಿರಲಿಲ್ಲ, ಆದರೆ ಅಲ್ಲಿಗೆ ಬರುವ ದಾರಿಯಲ್ಲಿ ಆ ಕೊಳಗ ಕುಳಿತಿತ್ತು. ಅದನ್ನು ಎತ್ತಿಹಾಕಿದ್ದು ಯಾವ ಪ್ರಾಧ್ಯಾಪಕನೂ ಅಲ್ಲ, 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ. ಗೋಪಾಲಗೌಡರು ಅದನ್ನು ಕಾಣಲಿಲ್ಲ; 1972ರಲ್ಲಿಯೇ ತೀರಿಕೊಂಡರು. ಡಿಕ್ಲರೇಷನ್ ಅರ್ಜಿ, ಭೂನ್ಯಾಯ ಮಂಡಳಿ, ಅಲೆದಾಟ, ಜಗಳ ಎಲ್ಲ ಮುಗಿದು ನಮ್ಮ ಮನೆಗೆ ಎರಡೂವರೆ ಎಕರೆ ಬಂದಿತು. ಅಪ್ಪ ಹೈಸ್ಕೂಲು ಮೆಟ್ಟಲು ಹತ್ತಿದ್ದು ಆ ಗದ್ದೆಯ ಬಲದಿಂದ, ನಾನು ಬಿ.ಎ.ಗೆ ಬಂದದ್ದೂ ಅದರಿಂದಲೇ. ದಾಸನಲ್ಲದವನಿಗೆ ತಕ್ಕ ವಿದ್ಯೆ ಎಂಬ ಲಕ್ಷಣವನ್ನು ಎಂ.ಎ. ಓದುವಾಗ ಮೊದಲ ಬಾರಿಗೆ ಪುಸ್ತಕವೊಂದರಲ್ಲಿ ಕಂಡಾಗ, ಪಹಣಿಯ ಕಾಗದ ಕಣ್ಣಮುಂದೆ ಬಂದಿತು.

ಇಷ್ಟೆಲ್ಲ ಹೇಳುವುದಕ್ಕೆ ಕಾರಣವುಂಟು. ಹೋದ ವರ್ಷ ನಾನು ಪಾಠ ಹೇಳುವ ಕಾಲೇಜಿನಲ್ಲಿ ಐಚ್ಛಿಕ ಕನ್ನಡಕ್ಕೆ ಹೆಸರು ಕೊಟ್ಟವರು ಏಳು ಮಂದಿ. ಇತಿಹಾಸಕ್ಕೆ ಸ್ವಲ್ಪ ಹೆಚ್ಚು. ಇಷ್ಟು ಕಡಮೆಯಾದರೆ ಈ ಐಚ್ಛಿಕವನ್ನು ಇಟ್ಟುಕೊಳ್ಳಬೇಕೆ ಎಂಬ ಪ್ರಶ್ನೆ ಸಭೆಯಲ್ಲಿ ಬಂದಿತು. ಕೇಳಿದವರು ದುಷ್ಟರಲ್ಲ, ಕೊಠಡಿ ಕಡಮೆ, ಅಧ್ಯಾಪಕರು ಕಡಮೆ, ವಾಣಿಜ್ಯ ವಿಭಾಗದಲ್ಲಿ ಬೆಂಚು ಸಾಲದು. ಮೂರು ವರ್ಷದ ಪದವಿ 2021ರಲ್ಲಿ ನಾಲ್ಕರ ಯೋಜನೆಯಾಗಿ, 2024ರಲ್ಲಿ ಮತ್ತೆ ಮೂರಾದ ಗೊಂದಲದಲ್ಲಿ ಪಠ್ಯಕ್ರಮದ ತಲೆಬಾಲ ಹುಡುಗರಿಗೂ ತಿಳಿಯದು, ನಮಗೂ ತಿಳಿಯದು. ಸೇರಿಸಲು ಬಂದ ತಂದೆಯೊಬ್ಬ ನನ್ನೆದುರು ನಿಂತು, "ಬಿ.ಎ. ಮಾಡಿ ಹುಡುಗಿ ಏನಾಗ್ತಾಳೆ, ಮೇಷ್ಟ್ರೇ?" ಎಂದ. ನಾನು ಪರೀಕ್ಷೆಗಳ, ಬಿ.ಎಡ್.ನ, ಕಚೇರಿ ಕೆಲಸಗಳ ಪಟ್ಟಿ ಒಪ್ಪಿಸಿದೆ. ಆತ ತಲೆಯಾಡಿಸಿ ಹೋದ. ನನಗೆ ನಾಚಿಕೆಯಾಯಿತು. ಆ ಪ್ರಶ್ನೆಗೆ ನಾನು ಕೊಟ್ಟದ್ದು ಕಸುಬಿನ ಉತ್ತರ. ಅಜ್ಜನ ಕೊಳಗದ ಕಥೆ ಹೇಳಬಹುದಿತ್ತು.

ಆ ಏಳು ಮಂದಿಯನ್ನು ನೋಡಿದರೆ ಪ್ರಶ್ನೆಯ ಮುಳ್ಳು ಕಾಣುತ್ತದೆ. ಐವರು ಹುಡುಗಿಯರು. ತೋಟದ ಮನೆಯ ಮಕ್ಕಳು ಒಬ್ಬರೂ ಇಲ್ಲ; ಅವರೆಲ್ಲ ಎಂಜಿನಿಯರಿಂಗ್ ಓದಲು ಬೆಂಗಳೂರಿಗೆ ಹೋಗಿಯಾಗಿದೆ. ಕೂಲಿಯವರ, ಮುಳುಗಡೆಯವರ, ಒಂದೆರಡು ಎಕರೆಯವರ ಮಕ್ಕಳು ಈ ಬೆಂಚಿಗೆ ಬಂದು ತಲಪುವಷ್ಟರಲ್ಲಿ, ಬೆಂಚಿಗೆ ಬೆಲೆಯಿಲ್ಲವೆಂದು ಅದನ್ನು ಎತ್ತಿಡುವ ಮಾತು. ಮೊದಲ ಪಂಕ್ತಿಯವರು ಉಂಡೆದ್ದಮೇಲೆ ಅಡಿಗೆಯೇ ಚೆನ್ನಾಗಿಲ್ಲವೆಂದು ಒಲೆ ಆರಿಸಿದ ಹಾಗೆ. ಸಭೆಯಲ್ಲಿ ನಾನು ಇಷ್ಟನ್ನೇ ಹೇಳಿದೆ. ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆನೆಂದು ಕಾಣುತ್ತದೆ. ಒಂದು ವರ್ಷದ ಮಟ್ಟಿಗೆ ಐಚ್ಛಿಕ ಉಳಿಯಿತು.

ಏಳರಲ್ಲಿ ಒಬ್ಬಳು ಶರಾವತಿಯ ಹಿನ್ನೀರಿನ ಆಚೆಯವಳು, ತುಮರಿಯ ಕಡೆಯವಳು. ಆ ಕಡೆಯಿಂದ ಸಾಗರಕ್ಕೆ ಬರುವವರೆಲ್ಲ ಲಿಂಗನಮಕ್ಕಿ ತುಂಬಿದಂದಿನಿಂದ ಲಾಂಚನ್ನೇ ನೆಚ್ಚಿದವರು. ನಾನು ಓದುತ್ತಿದ್ದಾಗಲೂ ನಮ್ಮ ತರಗತಿಯಲ್ಲಿ ಆ ದಡದ ಇಬ್ಬರಿದ್ದರು. ಸಂಜೆಯ ಲಾಂಚು ತಪ್ಪುವ ಭಯದಿಂದ ಕೊನೆಯ ಪೀರಿಯಡ್ಡಿನ ನಡುವೆ ಎದ್ದು ಹೋಗುತ್ತಿದ್ದರು. ಕೊನೆಯ ಪೀರಿಯಡ್ಡು ಯಾವಾಗಲೂ ಕನ್ನಡ. ಇಬ್ಬರಿಗೂ ಪಂಪನ ಕರ್ಣ ಸಾಯುವ ಭಾಗ ಪರೀಕ್ಷೆಯ ನೋಟ್ಸಿನಲ್ಲಿ ಮಾತ್ರ ಗೊತ್ತು. 2025ರ ಜುಲೈ ತಿಂಗಳಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ನಡುವಿನ ಸೇತುವೆ ತೆರೆಯಿತು. ಈಗ ಈ ಹುಡುಗಿ ಕೊನೆಯ ಪೀರಿಯಡ್ಡಿಗೂ ಕುಳಿತಿರುತ್ತಾಳೆ. ಗಂಟೆ ಬಾರಿಸಿದ ಮೇಲೆಯೂ ಒಂದೆರಡು ಪ್ರಶ್ನೆ ಕೇಳಿಯೇ ಹೊರಡುವುದು. ಮೊನ್ನೆ ಕೇಳಿದಳು: "ಕರ್ಣನಿಗೆ ತಾನು ಯಾರೆಂದು ಗೊತ್ತಾದ ಮೇಲೂ ಅವನು ಯಾಕೆ ಅಲ್ಲೇ ಉಳಿದ, ಸರ್?" ನಾನು ಪುಸ್ತಕ ಮುಚ್ಚಿದ್ದವನ್ನು ಮತ್ತೆ ತೆರೆದೆ.